ಮಟ್ಟು ಉಳಿಯಬೇಕೇ, ನಾಟಕ ಉಳಿಯಬೇಕೇ

ಹೊಸದುರ್ಗ ತಾಲ್ಲೂಕಿನ ಮತ್ತೋಡು, ಶ್ರೀರಾಂಪುರ, ಮಾಡದಕೆರೆ ಕಡೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡಿಸಬೇಕೆಂದು ಹೊರಟರೆ ಕೃಷ್ಣನ ಪಾತ್ರ ಯಾರಿಗೆ ಅನ್ನುವ ಜಗಳ ಬೇಗ ತೀರುತ್ತದೆ. ದುಡ್ಡು ಹೆಚ್ಚು ಹಾಕುವವನಿಗೆ, ಇಲ್ಲವೇ ಗಂಟಲಿರುವವನಿಗೆ. ತೀರದ ಜಗಳ ಹಾಡಿನದು. ಹುಡುಗರು ಅರ್ಧ ಹಾಡು ತೆಗೆಯಿರಿ, ರಾತ್ರಿ ಎರಡು ಗಂಟೆಗೆ ಮುಗಿಸೋಣ ಅನ್ನುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಹಾಡು ತೆಗೆದರೆ ನಾನು ಪೆಟ್ಟಿಗೆ ಎತ್ತಿಕೊಂಡು ಊರಿಗೆ ಹೋಗುತ್ತೇನೆ ಅನ್ನುತ್ತಾರೆ. ಕೊನೆಗೆ ನಾಲ್ಕು ಹಾಡು ಹೋಗುತ್ತವೆ, ನಾಟಕದ ರಾತ್ರಿ 'ಒನ್ಸ್ ಮೋರ್' ಕೂಗಿನ ಜೊತೆ ಅದರಲ್ಲಿ ಮೂರು ಹೇಗೋ ವಾಪಸ್ ಬರುತ್ತವೆ, ಬೆಳಗಿನ ಕೋಳಿ ಕೂಗುವ ಹೊತ್ತಿಗೆ ದುರ್ಯೋಧನನ ತೊಡೆ ಮುರಿಯುತ್ತದೆ.

ಅದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಈ ಜಗಳವೇ ಇಲ್ಲ. ಅಲ್ಲಿ ನಾಟಕ ಎರಡು ಗಂಟೆ. ಹಾಡು ಉಂಟು, ಆದರೆ ನಿರ್ದೇಶಕ ಹೇಳಿದಷ್ಟು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳತ್ವದಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ರೆಪರ್ಟರಿ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ರಾಜ್ಯ ಸುತ್ತುತ್ತದೆ. ವಚನದ ವಸ್ತುಗಳನ್ನು ಹಿಂದಿಯಲ್ಲಿ ಹೊತ್ತು ರಾಜ್ಯದಾಚೆಗೂ ಹೋಗಿ ಬಂದಿದೆ. ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ನೋಡುವ ಸಾವಿರಾರು ಜನರಲ್ಲಿ, ಹಳ್ಳಿಯಲ್ಲಿ ಭೀಮನ ಗದೆ ಹಿಡಿದವರೂ ಇರುತ್ತಾರೆ. ಅವರಲ್ಲಿ ಕೆಲವರು ಮನೆಗೆ ಹೋಗುವಾಗ ಹೇಳುವ ಮಾತು ಒಂದೇ: ಚೆನ್ನಾಗಿತ್ತು, ಆದರೆ ಹಾಡು ಸಾಲದು.

ಈ ಎರಡು ರೂಢಿಗಳ ನಡುವೆ ಇರುವುದು ಅಭಿರುಚಿಯ ವ್ಯತ್ಯಾಸ ಮಾತ್ರವಲ್ಲ. ನೂರು ವರ್ಷದ ಹಿಂದಿನ ಹಾಡುನಾಟಕವನ್ನು ಈಗಿನವರು ಏನು ಮಾಡಬೇಕು, ಇದ್ದ ಹಾಗೆ ಇಡಬೇಕೋ ಬಿಚ್ಚಿ ಮತ್ತೆ ಕಟ್ಟಬೇಕೋ ಎಂಬ ಪ್ರಶ್ನೆ ಅದರೊಳಗಿದೆ. ಎರಡು ಕಡೆಯವರಿಗೂ ಒಳ್ಳೆಯ ವಾದಗಳಿವೆ. ನಮ್ಮಲ್ಲಿ ಅದು ಜಗುಲಿ ಮೇಲಿನ ಜಗಳವಾಗಿಯೇ ಉಳಿದಿದೆ. ಇದೇ ಪ್ರಶ್ನೆಯನ್ನು ಪ್ಯಾರಿಸಿನ ಹಗುರ ಸಂಗೀತ ನಾಟಕದ ವಿಷಯದಲ್ಲಿ ಯುರೋಪಿನವರು ನೂರು ವರ್ಷದಿಂದ ಬರವಣಿಗೆಯಲ್ಲಿ, ರಂಗದ ಮೇಲೆ, ಗ್ರಂಥ ಸಂಪಾದನೆಯಲ್ಲಿ ಚರ್ಚಿಸಿದ್ದಾರೆ. ಅವರ ಅನುಭವವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡುವುದು ಅದಕ್ಕಾಗಿ. ಅವರು ದೊಡ್ಡವರು, ನಾವು ಕಲಿಯಬೇಕು ಎಂಬ ಭಾವನೆಯಿಂದಲ್ಲ.

ಆ ಹಗುರ ಸಂಗೀತ ನಾಟಕದ ದೊರೆ ಜಾಕ್ ಆಫನ್‌ಬಾಖ್ ಜರ್ಮನಿಯ ಕಲೋನಿನಲ್ಲಿ ಹುಟ್ಟಿದ ಯಹೂದಿ, 1819ರವನು. 1855ರಲ್ಲಿ ಪ್ಯಾರಿಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಅದರ ಹತ್ತಿರವೇ ಒಂದು ಪುಟ್ಟ ಥಿಯೇಟರ್ ಹಿಡಿದು 'ಬೂಫ್ ಪಾರಿಸಿಯೆನ್' ಶುರು ಮಾಡಿದ. ಸರ್ಕಾರದ ಪರವಾನಗಿ ಎಷ್ಟು ಬಿಗಿಯಾಗಿತ್ತೆಂದರೆ ಮೊದಲಿಗೆ ರಂಗದ ಮೇಲೆ ಮೂರು ನಾಲ್ಕು ಪಾತ್ರಗಳಿಗಿಂತ ಹೆಚ್ಚು ತರುವ ಹಾಗಿರಲಿಲ್ಲ. ಆ ಕಟ್ಟು ಸಡಿಲವಾದ ಮೇಲೆ 1858ರಲ್ಲಿ 'ಪಾತಾಳದಲ್ಲಿ ಆರ್ಫಿಯಸ್' ಬಂತು. ಗ್ರೀಕ್ ದೇವರುಗಳನ್ನು ಸೋಮಾರಿ ಸಂಸಾರಸ್ಥರ ಹಾಗೆ ತೋರಿಸಿದ ನಾಟಕ. ಜೂಲ್ ಜಾನೆನ್ ಎಂಬ ದೊಡ್ಡ ವಿಮರ್ಶಕ ಪುರಾತನರಿಗೆ ಅವಮಾನವಾಯಿತು ಎಂದು ಪತ್ರಿಕೆಯಲ್ಲಿ ಕಿಡಿಕಾರಿದ. ಟಿಕೆಟ್ ಇನ್ನೂ ಜೋರಾಗಿ ಹೋಯಿತು. 1864ರಲ್ಲಿ 'ಸುಂದರಿ ಹೆಲೆನ್', 1867ರಲ್ಲಿ 'ಗೆರೋಲ್‌ಸ್ಟೈನ್‌ನ ಮಹಾರಾಣಿ', 1868ರಲ್ಲಿ 'ಪೆರಿಶೋಲ್' ಬಂದವು. ಆ ಮಹಾರಾಣಿಯ ನಾಟಕ ಸೈನ್ಯವನ್ನು, ಸೇನಾಧಿಪತಿಗಳನ್ನು, ಯುದ್ಧದ ಹುಚ್ಚನ್ನು ಗೇಲಿ ಮಾಡಿತ್ತು. ಯಾವ ನಿಜವಾದ ದೇಶಕ್ಕೂ ತಾಗಬಾರದೆಂದು ಸೆನ್ಸಾರಿನವರ ಒತ್ತಾಯಕ್ಕೆ ಹೆಸರಿನಲ್ಲಿ ಒಂದು ಕಲ್ಪಿತ ಸಂಸ್ಥಾನ ಸೇರಿತು. ಅದನ್ನು ನೋಡಲು ಬಂದವರಲ್ಲಿ ರಷ್ಯದ ತ್ಸಾರನೂ ಬಿಸ್ಮಾರ್ಕನೂ ಇದ್ದರು. ಮೂರೇ ವರ್ಷದಲ್ಲಿ ಅದೇ ಬಿಸ್ಮಾರ್ಕನ ಜೊತೆ ಫ್ರಾನ್ಸ್ ಯುದ್ಧಕ್ಕೆ ಹೋಗಿ ಸೋತಿತು. ಆಮೇಲೆ ಕೆಲಕಾಲ ಆ ನಾಟಕಕ್ಕೆ ಫ್ರಾನ್ಸಿನಲ್ಲಿ ನಿಷೇಧ.

ಆಫನ್‌ಬಾಖ್ ತೀರಿಕೊಂಡದ್ದು 1880ರ ಅಕ್ಟೋಬರ್ 5ರಂದು. ಅದೇ ತಿಂಗಳ 31ರಂದು ಪುಣೆಯಲ್ಲಿ ಅಣ್ಣಾಸಾಹೇಬ್ ಕಿರ್ಲೋಸ್ಕರರ 'ಸಂಗೀತ ಶಾಕುಂತಲ' ಮೊದಲ ಸಲ ರಂಗಕ್ಕೆ ಬಂತು. ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಎರಡಕ್ಕೂ ಸಂಬಂಧವಿಲ್ಲ, ಕಾಕತಾಳೀಯ ಅಷ್ಟೇ. ಆದರೂ ಒಂದು ಬಗೆಯ ಹಾಡುನಾಟಕದ ದೊರೆ ಅಲ್ಲಿ ಕಣ್ಣುಮುಚ್ಚಿದ ತಿಂಗಳೇ ಇನ್ನೊಂದು ಬಗೆ ಇಲ್ಲಿ ಕಣ್ಣುಬಿಟ್ಟಿತು ಅನ್ನುವುದು ನೆನಪಿಟ್ಟುಕೊಳ್ಳುವುದಕ್ಕೆ ಅನುಕೂಲ.

ಮರಾಠಿ ಸಂಗೀತ ನಾಟಕದ, ಪಾರ್ಸಿ ಕಂಪನಿಗಳ ಅಬ್ಬರ ಕನ್ನಡ ಸೀಮೆಗೆ ತಟ್ಟಿದಾಗ ಉತ್ತರದಲ್ಲಿ ಗದುಗಿನ ಶಾಂತಕವಿಗಳು ಕನ್ನಡದಲ್ಲೇ ನಾಟಕ ಬೇಕೆಂದು ಹಟ ಹಿಡಿದು ಬರೆದರು, ಆಡಿಸಿದರು. ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳ ಶಾಕುಂತಲ ಬಂತು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಅದನ್ನು ಕೈಗೆತ್ತಿಕೊಂಡ ಗುಬ್ಬಿ ವೀರಣ್ಣನವರು 1934ರಲ್ಲಿ 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದರು. ಬಿ. ಪುಟ್ಟಸ್ವಾಮಯ್ಯನವರು ಬರೆದ ಆ ನಾಟಕದ ಹೆಸರೇ ಇಂದು ಹೊಸದುರ್ಗದ ಹಳ್ಳಿಗಳ ಕರಪತ್ರದಲ್ಲಿ ಕಾಣುವುದು. ಪಠ್ಯ ಮಾತ್ರ ಕೈಯಿಂದ ಕೈಗೆ ಹೋಗುತ್ತ ಎಷ್ಟೋ ಸೇರಿ ಎಷ್ಟೋ ಬಿಟ್ಟುಹೋಗಿದೆ. ಒಬ್ಬ ಮೇಷ್ಟ್ರ ಕರ್ಣ ಹಾಡುವುದನ್ನು ಇನ್ನೊಬ್ಬ ಮೇಷ್ಟ್ರ ಕರ್ಣ ಹಾಡುವುದಿಲ್ಲ.

ಹಾಡಿನ ಪರವಾದ ವಾದವನ್ನು ಮೊದಲು ನೋಡೋಣ. ಅದನ್ನು ಆಡುವವರು ಪುಸ್ತಕ ಬರೆಯುವವರಲ್ಲವಾದ್ದರಿಂದ ಅವರ ಪರವಾಗಿ ಯಾರಾದರೂ ಮಾತಾಡಬೇಕು.

ತಾಲೀಮಿನ ಮನೆಗೆ ಹೋಗಿ ಕೂತರೆ ಇದು ಅರ್ಥವಾಗುತ್ತದೆ. ರಾತ್ರಿ ಊಟದ ಮೇಲೆ, ಸಾಮಾನ್ಯವಾಗಿ ದೇವಸ್ಥಾನದ ಪಕ್ಕದ ಕೊಠಡಿ ಅಥವಾ ಸ್ಕೂಲಿನ ವರಾಂಡ. ದಾಳಿಂಬೆ ತೋಟಕ್ಕೆ ಔಷಧಿ ಹೊಡೆದು ಬಂದವನು ಅಭಿಮನ್ಯು, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು ಶಕುನಿ. ಮೇಷ್ಟ್ರು ಮೊದಲು ಮಾಡುವ ಕೆಲಸ ಪ್ರತಿಯೊಬ್ಬನ ಗಂಟಲಿಗೆ ಶ್ರುತಿ ಹುಡುಕುವುದು. ಪೆಟ್ಟಿಗೆಯ ಒಂದು ಕರಿ ಮನೆ ಒತ್ತಿ ಹಿಡಿದು 'ಇಲ್ಲಿಂದ ಎತ್ತು' ಅನ್ನುತ್ತಾರೆ. ಗಂಟಲು ಒಡೆದರೆ ಒಂದು ಮನೆ ಕೆಳಗೆ. ಮಾತು ಬಾಯಿಪಾಠವಾಗುವುದಕ್ಕೆ ಮುಂಚೆಯೇ ಹಾಡು ಬಾಯಿಪಾಠವಾಗುತ್ತದೆ, ಯಾಕೆಂದರೆ ಪಾತ್ರ ಒಳಗೆ ಬರುವುದೇ ಹಾಡಿನ ಮೂಲಕ. ದುರ್ಯೋಧನ ಸಭೆಗೆ ಬರುವಾಗ ಹಾಡುವ ಪದದ ನಡೆ ಹಿಡಿದರೆ ಹೆಜ್ಜೆ ತಾನೇ ಬರುತ್ತದೆ. ಹೆಜ್ಜೆ ಬಂದರೆ ಎದೆ ಮುಂದಕ್ಕೆ ಬರುತ್ತದೆ. ಆಮೇಲೆ ಮಾತು ಕಲಿಸುವುದು ಸುಲಭ. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಮೂರು ತಿಂಗಳಲ್ಲಿ ಮೋಹನ, ಕಲ್ಯಾಣಿಗಳ ನಡೆಯನ್ನು ಹೆಸರು ಗೊತ್ತಿಲ್ಲದೆ ಹಾಡುತ್ತಾನೆ. ಕಂದ ಯಾವುದು, ಸೀಸ ಯಾವುದು ಅವನಿಗೆ ಗೊತ್ತು. ಕನ್ನಡದ ಛಂದಸ್ಸು ವಿಶ್ವವಿದ್ಯಾಲಯದ ಹೊರಗೆ ಇಷ್ಟು ದಟ್ಟವಾಗಿ ಬದುಕಿರುವ ಜಾಗ ಹೆಚ್ಚಿಲ್ಲ.

ಹಾಗಿದ್ದರೆ ಹಾಡು ತೆಗೆಯಿರಿ ಅನ್ನುವುದು ಸಮಯ ಉಳಿಸುವ ಸಲಹೆಯಾಗಿ ಉಳಿಯುವುದಿಲ್ಲ. ನಾಟಕದ ಗಂಟೆ ಲೆಕ್ಕ ನಿಂತಿರುವುದೇ ಹಾಡಿನ ಮೇಲೆ. ಮಾತಿನ ಭಾಗಗಳು ಹಾಡಿನಿಂದ ಹಾಡಿಗೆ ಹೋಗಲು ಬರೆದವು. ಹಾಡು ತೆಗೆದಾಗ ಉಳಿಯುವ ಮಾತು ಬರೀ ಕೂಗಾಟದಂತೆ ಕೇಳುತ್ತದೆ. ಹಳೆಯ ನಾಟಕ ಬರೀ ಕೂಗಾಟ ಎಂದು ದೂರುವವರು ಎಷ್ಟೋ ಸಲ ನೋಡಿರುವುದು ಹಾಡು ಕತ್ತರಿಸಿದ ನಾಟಕವನ್ನು.

ಆಫನ್‌ಬಾಖ್ ವಿಷಯದಲ್ಲಿ ಇದು ಸಾಬೀತೇ ಆಯಿತು. ಇಪ್ಪತ್ತನೆಯ ಶತಮಾನದ ಬಹುಪಾಲು ಅವನ ನಾಟಕಗಳನ್ನು ಯುರೋಪು ಆಡಿದ್ದು ಕತ್ತರಿಸಿದ, ವಾದ್ಯ ಬದಲಿಸಿದ, ಹಳೆಯ ಪ್ರಕಾಶಕರ ಅರೆಬರೆ ಪ್ರತಿಗಳಿಂದ. ಹಗುರ, ಶಾಂಪೇನು, ಕ್ಯಾನ್‌ಕ್ಯಾನ್ ಕುಣಿತ ಎಂಬ ಹಣೆಪಟ್ಟಿ ಅಂಟಿದ್ದು ಹಾಗೆ. 1990ರ ದಶಕದ ಕೊನೆಗೆ ಜಾಂ ಕ್ರಿಸ್ತೋಫ್ ಕೆಕ್ ಎಂಬ ಸಂಪಾದಕ ಹಸ್ತಪ್ರತಿಗಳನ್ನು ಹುಡುಕಿ ವಿಮರ್ಶಾತ್ಮಕ ಆವೃತ್ತಿಗಳನ್ನು ತರಲು ಹೊರಟರು. ಮಹಾರಾಣಿಯ ನಾಟಕದಲ್ಲಿ ಮೊದಲ ಪ್ರದರ್ಶನದ ಆಸುಪಾಸಿನಲ್ಲೇ ಕೈಬಿಟ್ಟಿದ್ದ ಎರಡನೆಯ ಅಂಕದ ದೊಡ್ಡ ಭಾಗಗಳು ವಾಪಸ್ ಬಂದವು. 2004ರಲ್ಲಿ ಪ್ಯಾರಿಸಿನ ಶಾತಲೆ ಥಿಯೇಟರಿನಲ್ಲಿ ಮಾರ್ಕ್ ಮಿಂಕೋಫ್‌ಸ್ಕಿ ಸಂಗೀತ ನಡೆಸಿ, ಲೊರಾಂ ಪೆಲಿ ನಿರ್ದೇಶಿಸಿ ಅದನ್ನು ಆಡಿಸಿದಾಗ, ಗೇಲಿ ನಾಟಕದೊಳಗೆ ಕೊಲೆಯ ಸಂಚಿನ ಕಪ್ಪು ಛಾಯೆ ಎಷ್ಟು ದಟ್ಟವಾಗಿತ್ತು ಎಂದು ಜನರಿಗೆ ಕಂಡಿತು. ಹಾಡು ವಾಪಸ್ ಕೊಟ್ಟಾಗ ನಾಟಕಕ್ಕೆ ಹಲ್ಲೂ ವಾಪಸ್ ಬಂತು. ನಮ್ಮ ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತೇನೆ ಅನ್ನುವಾಗ ಹೇಳಲು ಹೊರಟಿದ್ದು ಬಹುಶಃ ಇದನ್ನೇ.

ಇನ್ನೊಂದು ಕಡೆಯ ವಾದಕ್ಕೆ ನಮ್ಮಲ್ಲಿ ದೊಡ್ಡ ಹೆಸರುಗಳೇ ಇವೆ. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದಾಗಿನಿಂದ ಕಂಪನಿ ನಾಟಕದ ವಿರುದ್ಧ ಅಸಮಾಧಾನ ಇತ್ತು. ಕೈಲಾಸಂ 'ಟೊಳ್ಳುಗಟ್ಟಿ'ಯಲ್ಲಿ ರಾಜರಾಣಿಯರನ್ನು ಬಿಟ್ಟು ಬೆಂಗಳೂರಿನ ಮನೆಯೊಂದನ್ನು ಅದರದೇ ಮಾತಿನಲ್ಲಿ ತಂದರು. ಶ್ರೀರಂಗರಿಗೆ ರಂಗಭೂಮಿ ಯೋಚನೆ ಮಾಡುವ ಜಾಗವಾಗಬೇಕಿತ್ತು. ಸಾಯುತ್ತಿರುವ ಪಾತ್ರ ಎದ್ದು ಕೂತು ಎರಡನೇ ಸಲ ಹಾಡಿ ಮತ್ತೆ ಸಾಯುವುದು ಅವರಿಗೆ ಸಹಿಸುವಂಥದ್ದಲ್ಲ. ಹಳ್ಳಿಯ ನಾಟಕದಲ್ಲಿ ಇಂದಿಗೂ ಅದು ನಡೆಯುತ್ತದೆ. ಅಭಿಮಾನಿಯೊಬ್ಬ ರಂಗಕ್ಕೆ ಹತ್ತಿ ಕರ್ಣನ ಕೊರಳಿಗೆ ನೋಟಿನ ಹಾರ ಹಾಕುತ್ತಾನೆ, ಮೈಕಿನಲ್ಲಿ ಅವನ ಹೆಸರು ಕೂಗುತ್ತಾರೆ, ಕೃಷ್ಣ ಅಷ್ಟು ಹೊತ್ತು ರಥದ ಪಕ್ಕ ಸುಮ್ಮನೆ ನಿಂತಿರುತ್ತಾನೆ.

ದುಡ್ಡಿನ ಮಾತೂ ಇದೆ. ಸೀನರಿ, ಡ್ರೆಸ್ಸು, ಲೈಟು, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಕರೆಸುವ ಕಲಾವಿದೆಯರು ಎಲ್ಲ ಸೇರಿ ಖರ್ಚು ದೊಡ್ಡದು. ಅದನ್ನು ಪಾತ್ರಧಾರಿಗಳೇ ಪಾತ್ರದ ತೂಕದಂತೆ ಹಂಚಿಕೊಳ್ಳುತ್ತಾರೆ. ಆದ್ದರಿಂದ ದೊಡ್ಡ ಪಾತ್ರ ದೊಡ್ಡ ಜೇಬಿಗೆ. ಒಳ್ಳೆಯ ಗಂಟಲಿದ್ದ ಕೂಲಿಯವನು ದೂತನಾಗಿ ಉಳಿಯುವುದುಂಟು. ಊರಿನ ಹೆಣ್ಣುಮಕ್ಕಳಿಗೆ ಆ ರಂಗದ ಮೇಲೆ ಜಾಗವೇ ಇಲ್ಲ. ದ್ರೌಪದಿ, ಉತ್ತರೆ ಬರುವುದು ಬೇರೆ ಊರಿನಿಂದ, ಬೆಳಗಾಗುವ ಮುಂಚೆ ವ್ಯಾನು ಹತ್ತಿ ಹೋಗುತ್ತಾರೆ. ಹಾಸ್ಯದ ಪಾತ್ರಗಳ ಮಾತಿನಲ್ಲಿ ಹೆಂಡತಿ, ಸೂಳೆ, ಕೆಳಜಾತಿಯವರ ಬಗ್ಗೆ ಬರುವ ಚೇಷ್ಟೆಯನ್ನು ಸಂಪ್ರದಾಯ ಅಂತ ಹೇಳಿ ಉಳಿಸಿಕೊಳ್ಳುವುದು ಹೇಗೆ? ಪ್ಯಾರಿಸಿನವರಿಗೂ ಇದೇ ತಲೆನೋವು. 1855ರ 'ಬಾ-ತಾ-ಕ್ಲಾಂ'ನಲ್ಲಿ ಅರ್ಥವಿಲ್ಲದ ಉಚ್ಚಾರಗಳನ್ನೇ ಚೀನೀ ಭಾಷೆ ಅಂತ ಹಾಡಿಸಿ ನಗಿಸಿದ್ದರು. ಇದ್ದ ಹಾಗೆ ಆಡಿ ಅನ್ನುವವರು ಅಲ್ಲಿ ಸ್ವಲ್ಪ ತಡವರಿಸುತ್ತಾರೆ.

ಸಾಣೇಹಳ್ಳಿಯ ದಾರಿ ಇವೆಲ್ಲಕ್ಕೂ ಒಂದು ಉತ್ತರ. ಅಲ್ಲಿ ಪಾತ್ರ ದುಡ್ಡಿನಿಂದ ಸಿಗುವುದಿಲ್ಲ. ಹುಡುಗ ಹುಡುಗಿಯರು ಒಟ್ಟಿಗೆ ಇದ್ದು, ಕಲಿತು, ಸೆಟ್ಟು ತಾವೇ ಕಟ್ಟಿ, ವಾಹನ ಹತ್ತಿ ಹೋಗುತ್ತಾರೆ. ರೆಪರ್ಟರಿಯ ಹಿಂದೆ ರಂಗಪ್ರಯೋಗಶಾಲೆಯಿದೆ. ಅದರ ಹಿಂದೆ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರ ನಾಟಕ ಪ್ರೀತಿ ಇದೆ. 'ಮರಣವೇ ಮಹಾನವಮಿ' ಬರೆದವರು ಅವರು. 2019ರ ಆಗಸ್ಟಿನಲ್ಲಿ ಸಾಣೇಹಳ್ಳಿಯ 'ಮತ್ತೆ ಕಲ್ಯಾಣ' ಅಭಿಯಾನ ಜಿಲ್ಲೆಯಿಂದ ಜಿಲ್ಲೆಗೆ ಹೋದಾಗ, ಹಗಲು ಸಂವಾದ, ಸಂಜೆ 'ಮೋಳಿಗೆ ಮಾರಯ್ಯ' ನಾಟಕ. ಮುಂದಿನ ದಿನ ಇನ್ನೊಂದು ಊರು. ಇಡೀ ರಾತ್ರಿಯ ಹಾಡುನಾಟಕ ಕಟ್ಟಿಕೊಂಡು ಹಾಗೆ ಓಡಾಡುವುದು ಆಗದ ಮಾತು. ಕಟ್ಟಿಗೆಯ ಮೋಳಿಗೆ ಹೊತ್ತು ಮಾರುವವನ ಕತೆಗೆ ರತ್ನಗಂಬಳಿಯ ಸೀನರಿ ಒಪ್ಪುವುದೂ ಇಲ್ಲ.

ಆದರೆ ಇಲ್ಲೂ ಒಂದು ಲೆಕ್ಕ ಬಾಕಿ ಇದೆ. ರೆಪರ್ಟರಿಯ ನಟರು ಗುಂಪಾಗಿ ಚೆನ್ನಾಗಿ ಹಾಡುತ್ತಾರೆ. ಒಬ್ಬನೇ ನಿಂತು, ಒಂದು ಪದ್ಯವನ್ನು ಹತ್ತು ನಿಮಿಷ ಬೆಳೆಸಿ, ಜನರನ್ನು ಅಲ್ಲಾಡದಂತೆ ಕೂರಿಸುವ ಗಾಯಕ ನಟ ಅಲ್ಲಿಂದ ಬಂದದ್ದು ಕಡಿಮೆ. ಇದು ದೂರಲ್ಲ. ಒಂದು ವರ್ಷದ ತಿರುಗಾಟದ ಶಿಸ್ತು ಕೊಡುವ ವಿದ್ಯೆ ಬೇರೆ, ಬಾಲ್ಯದಿಂದ ಕಂಪನಿಯಲ್ಲಿ ಬೆಳೆದು ಬರುವ ವಿದ್ಯೆ ಬೇರೆ. ಆರ್. ಪರಮಶಿವನ್ ಅವರಂಥ ಕಂಪನಿಯ ಸಂಗೀತಗಾರರು ಬದುಕಿರುವವರೆಗೂ ಆ ಮಟ್ಟುಗಳನ್ನು ಹೊಸಬರಿಗೆ ದಾಟಿಸುತ್ತಲೇ ಇದ್ದರು. ಅವರ ಸಾಲು ಈಗ ತೀರಾ ತೆಳುವಾಗಿದೆ.

ಬಿಚ್ಚಿ ಕಟ್ಟುವವರ ಕೈಯಲ್ಲಿ ಇನ್ನೊಂದು ಬಲವಾದ ವಾದವಿದೆ, ಅದು ಚರಿತ್ರೆಯಿಂದಲೇ ಬರುತ್ತದೆ: ನೀವು ಉಳಿಸಬೇಕು ಅನ್ನುವ ಆ 'ಮೂಲ' ಎಲ್ಲಿದೆ? ಆರ್ಫಿಯಸ್ ನಾಟಕದ ಮೊದಲಿಗೆ ಬರುವ ವಾದ್ಯಸಂಗೀತವನ್ನು ಇಂದು ಜಗತ್ತೆಲ್ಲ ಕೇಳುತ್ತದೆ. ಅದನ್ನು ಹಾಗೆ ಜೋಡಿಸಿದವನು ಆಫನ್‌ಬಾಖ್ ಅಲ್ಲ. 1860ರಲ್ಲಿ ವಿಯೆನ್ನಾದ ಪ್ರದರ್ಶನಕ್ಕಾಗಿ ಕಾರ್ಲ್ ಬಿಂಡರ್ ಎಂಬವನು ನಾಟಕದ ರಾಗಗಳನ್ನೇ ತೆಗೆದು ಹೊಲಿದದ್ದು. ಅದೇ ಪ್ರದರ್ಶನಕ್ಕೆ ನೆಸ್ಟ್ರಾಯ್ ಎಂಬ ವಿಯೆನ್ನಾದ ಹಾಸ್ಯನಟ ಮಾತನ್ನೆಲ್ಲ ತನ್ನ ಊರಿಗೆ ಒಗ್ಗಿಸಿ ಬರೆದುಕೊಂಡು ತಾನೇ ಜುಪಿಟರ್ ಆದ. ಆಫನ್‌ಬಾಖ್ ಕೂಡ 1874ರಲ್ಲಿ ಆ ನಾಟಕವನ್ನು ಎರಡು ಅಂಕದಿಂದ ನಾಲ್ಕಕ್ಕೆ ಉಬ್ಬಿಸಿದ. ವಿಯೆನ್ನಾದವರು ಪ್ಯಾರಿಸಿನ ನಾಟಕ ಆಡುತ್ತ ಆಡುತ್ತ ತಮ್ಮದನ್ನೇ ಹುಟ್ಟಿಸಿಕೊಂಡರು. ಅದೇ 1874ರಲ್ಲಿ ಬಂದ ಸ್ಟ್ರೌಸನ 'ಬಾವಲಿ'ಯ ಕತೆ ಆಫನ್‌ಬಾಖ್‌ಗೆ ಬರೆದುಕೊಡುತ್ತಿದ್ದ ಮೇಲಾಕ್ ಮತ್ತು ಅಲೆವಿ ಅವರ ಪ್ರಹಸನದ್ದು. ಲಂಡನ್ನಿನಲ್ಲಿ 1875ರಲ್ಲಿ ಗಿಲ್ಬರ್ಟ್ ಮತ್ತು ಸಲ್ಲಿವನ್ ಜೋಡಿಯ ಮೊದಲ ದೊಡ್ಡ ಯಶಸ್ಸು ಬಂದದ್ದು 'ಪೆರಿಶೋಲ್' ಆಡುವ ರಾತ್ರಿ ಅದರ ಜೊತೆಗೆ ಹಾಕುವ ಚಿಕ್ಕ ನಾಟಕವಾಗಿ. ಮಾಸ್ಕೋದಲ್ಲಿ 1920ರಲ್ಲಿ, ಕ್ರಾಂತಿಯ ಹಸಿವಿನ ವರ್ಷಗಳಲ್ಲಿ, ನೆಮಿರೋವಿಚ್ ದಾಂಚೆಂಕೊ ಲೆಕಾಕನ 'ಆಂಗೋ ಅಮ್ಮನ ಮಗಳು' ನಾಟಕವನ್ನು ಕಲಿತ ನಟರಿಂದ ಹಾಡಿಸಿದ. ಟೋಕಿಯೋದ ಇಂಪೀರಿಯಲ್ ಥಿಯೇಟರಿಗೆ 1914ರಲ್ಲೇ ಆರ್ಫಿಯಸ್ ಹೋಗಿತ್ತು. ಅದರ ಕೊನೆಯ ಕುಣಿತದ ರಾಗ ಇಂದು ಜಪಾನಿನ ಶಾಲೆಗಳ ಕ್ರೀಡಾಕೂಟದಲ್ಲಿ ಓಟದ ಸ್ಪರ್ಧೆಗೆ ಹಾಕುವ ಸಂಗೀತ. ಓಡುವ ಮಕ್ಕಳಿಗೆ ಆರ್ಫಿಯಸ್ ಯಾರೋ ಜುಪಿಟರ್ ಯಾರೋ!

ನಮ್ಮ ಕಂಪನಿ ನಾಟಕವೂ ಹೀಗೇ. ಅಚ್ಚಾದ ಹಳೆಯ ನಾಟಕದ ಪುಸ್ತಕ ತೆಗೆದರೆ ಹಾಡಿನ ತಲೆಯ ಮೇಲೆ ರಾಗ, ತಾಳ, ಇಂಥ ಹಾಡಿನ ಮಟ್ಟು ಎಂದು ಬರೆದಿರುತ್ತದೆ. ಆ ಇಂಥ ಹಾಡು ಮರಾಠಿ ನಾಟಕದ್ದೋ, ಪಾರ್ಸಿ ಕಂಪನಿಯದ್ದೋ, ಆಮೇಲಾಮೇಲೆ ಸಿನಿಮಾದ್ದೋ ಆಗಿರುತ್ತದೆ. ಪ್ಯಾರಿಸಿನ ಹಳೆಯ ಪ್ರಹಸನಗಳ ಪುಸ್ತಕಗಳಲ್ಲೂ ಜನಕ್ಕೆ ಗೊತ್ತಿರುವ ಮಟ್ಟಿನ ಹೆಸರನ್ನು ಇದೇ ರೀತಿ ಹಾಡಿನ ಮೇಲೆ ಅಚ್ಚು ಹಾಕುತ್ತಿದ್ದರು. ಎರವಲು ತಂದು ತಮ್ಮದಾಗಿಸಿಕೊಂಡದ್ದೇ ಈ ಬಗೆಯ ರಂಗಭೂಮಿಯ ಹುಟ್ಟುಗುಣವಾದರೆ, ಅದನ್ನು ಒಂದು ವರ್ಷದ ಒಂದು ರಾತ್ರಿಗೆ ಕಟ್ಟಿಹಾಕಿ ಇದೇ ಶುದ್ಧ ಅನ್ನುವುದು ಹೇಗೆ ಸರಿ?

'ಸದಾರಮೆ'ಯನ್ನು ನೋಡಿ. ಗುಬ್ಬಿ ಕಂಪನಿಯ ಹಾಸ್ಯ, ಹಾಡು ತುಂಬಿದ ನಾಟಕ. ವೀರಣ್ಣನವರ ಕಳ್ಳನ ಪಾತ್ರಕ್ಕೆ ಜನ ಮುಗಿಬೀಳುತ್ತಿದ್ದರು. 1935ರಲ್ಲಿ ಅದು ಸಿನಿಮಾವೂ ಆಯಿತು. ಅವರ ಮೊಮ್ಮಗಳು ಬಿ. ಜಯಶ್ರೀ ಮುಂದೆ ತಮ್ಮ ಸ್ಪಂದನ ತಂಡದಲ್ಲಿ ಅದನ್ನು ಎತ್ತಿಕೊಂಡು, ಅಜ್ಜನ ಕಳ್ಳನನ್ನು ತಾವೇ ಆಡಿದರು. ಇದು ಉಳಿಸಿದ್ದೋ, ಬದಲಿಸಿದ್ದೋ? ಹಾಡು ಮಟ್ಟು ಉಳಿದವು, ಗಂಡಿನ ಪಾತ್ರ ಹೆಣ್ಣಿನ ಕೈಗೆ ಬಂತು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ರಂಗಭೂಮಿಯಲ್ಲಿ ಅದು ಸಣ್ಣ ಸೇಡೂ ಹೌದು ಅನ್ನುವುದು ನನ್ನ ಖುಷಿ. ಬಿ.ವಿ. ಕಾರಂತರು ಹುಡುಗನಾಗಿ ಅದೇ ಗುಬ್ಬಿ ಕಂಪನಿ ಸೇರಿದ್ದವರು. 1972ರಲ್ಲಿ ಬೆಂಗಳೂರಿನ ಬಯಲಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿದ ಮೇಲೆ ಕನ್ನಡದ ಹವ್ಯಾಸಿ ರಂಗಭೂಮಿ ಮತ್ತೆ ಹಾಡತೊಡಗಿತು. ಕಾರಂತರು ಕಂಪನಿಯಿಂದ ತಂದದ್ದು ಯಾವುದೋ ಒಂದು ಹಾಡನ್ನಲ್ಲ, ಹಾಡು ನಾಟಕದ ಎಲುಬು ಎಂಬ ತಿಳಿವಳಿಕೆಯನ್ನು. ಸಾಣೇಹಳ್ಳಿಯ ಗುಂಪು ಗಾಯನಕ್ಕೂ ಅಲ್ಲಿಂದ ನೆಂಟಸ್ತಿಕೆಯುಂಟು. ಅಂದರೆ ಹಳ್ಳಿಯ 'ಕುರುಕ್ಷೇತ್ರ'ವೂ ಸಾಣೇಹಳ್ಳಿಯ ನಾಟಕವೂ ಒಂದೇ ಗುಬ್ಬಿಯಿಂದ ಎರಡು ದಾರಿಯಲ್ಲಿ ಬಂದ ದಾಯಾದಿಗಳು. ದಾಯಾದಿಗಳ ಜಗಳ ಬೇಗ ತೀರುವುದಿಲ್ಲ ಅನ್ನುವುದಕ್ಕೆ ಅವರು ಆಡುವ ನಾಟಕವೇ ಸಾಕ್ಷಿ.

1931ರ ಬರ್ಲಿನ್‌ನಲ್ಲಿ ಈ ಎರಡೂ ವಾದ ಮುಖಾಮುಖಿಯಾದದ್ದು ಸ್ವಾರಸ್ಯದ ಸಂಗತಿ. ಮ್ಯಾಕ್ಸ್ ರೈನ್‌ಹಾರ್ಟ್ ಆ ವರ್ಷ 'ಸುಂದರಿ ಹೆಲೆನ್'ಗೆ ಕೋರ್ನ್‌ಗೋಲ್ಡನಿಂದ ಸಂಗೀತ ಹೊಸದಾಗಿ ಹೊಂದಿಸಿ ಭಾರಿ ವೈಭವದಲ್ಲಿ ಆಡಿಸಿದ. ಕಾರ್ಲ್ ಕ್ರಾಸ್ ಎಂಬ ವಿಯೆನ್ನಾದ ವಿಡಂಬನಕಾರನಿಗೆ ಇಂಥ ವೈಭವ ಕಂಡರಾಗದು. ಅವನು ಒಂದು ಮೇಜು, ಒಬ್ಬ ಪಿಯಾನೊ ನುಡಿಸುವವನು, ಇಷ್ಟನ್ನೇ ಇಟ್ಟುಕೊಂಡು ಆಫನ್‌ಬಾಖ್‌ನ ಇಡೀ ನಾಟಕಗಳನ್ನು, ಎಲ್ಲ ಪಾತ್ರಗಳನ್ನೂ ತಾನೊಬ್ಬನೇ ಓದಿ, ಹಾಡಿ ತೋರಿಸುತ್ತಿದ್ದ. ನಿಜವಾದ ಆಫನ್‌ಬಾಖ್ ಇಲ್ಲಿದ್ದಾನೆ ಅನ್ನುವುದು ಅವನ ಹಟ. ಆದರೆ ಆ ಶುದ್ಧಿವಾದಿಯೂ ಹಾಡುಗಳ ನಡುವೆ ಆ ವಾರದ ರಾಜಕೀಯಕ್ಕೆ ಚುಚ್ಚುವ ಸ್ವಂತ ಪದ್ಯಗಳನ್ನು ಸೇರಿಸದೆ ಬಿಡುತ್ತಿರಲಿಲ್ಲ. ನಮ್ಮ ಶಕುನಿಯೂ ಪಗಡೆ ಹಾಕುವಾಗ ಗ್ರಾಮ ಪಂಚಾಯಿತಿ ಎಲೆಕ್ಷನ್ನಿನ ಬಗ್ಗೆ ಒಂದು ಮಾತು ತೂರಿಸುತ್ತಾನಲ್ಲ. ಎರಡು ವರ್ಷದಲ್ಲಿ ನಾಜಿಗಳು ಬಂದರು, ಯಹೂದಿಯ ಸಂಗೀತವೆಂದು ಆಫನ್‌ಬಾಖ್ ಜರ್ಮನಿಯ ರಂಗದಿಂದ ಹೋದ. ಜರ್ಮನಿ ಬಿಟ್ಟು ಪ್ಯಾರಿಸಿಗೆ ಓಡಿಬಂದ ಸೀಗ್‌ಫ್ರೀಡ್ ಕ್ರಾಕೌಅರ್ 1937ರಲ್ಲಿ ಆಫನ್‌ಬಾಖ್ ಮತ್ತು ಅವನ ಕಾಲದ ಪ್ಯಾರಿಸ್ ಬಗ್ಗೆ ಪುಸ್ತಕ ಬರೆದ. ಹಗುರ ನಾಟಕವೂ ಒಂದು ಸಮಾಜದ ಚರಿತ್ರೆ ಹೇಳುತ್ತದೆ ಎಂದು ತೋರಿಸಿದ ಪುಸ್ತಕಗಳಲ್ಲಿ ಅದು ಮುಂಚಿನದು. ಎಂಬತ್ತು ವರ್ಷದ ಮೇಲೆ, 2017ರಲ್ಲಿ, ಲಾರೆನ್ಸ್ ಸೆನೆಲಿಕ್ ಆಫನ್‌ಬಾಖ್ ಖಂಡಖಂಡಗಳಿಗೆ ಹೋಗಿ ಏನೇನಾದ ಎಂಬುದನ್ನೇ ಪುಸ್ತಕ ಮಾಡಿದರು. ವೆನಿಸ್ಸಿನ ಪಲಾಜೆಟ್ಟೊ ಬ್ರು ಜಾನೆ ಎಂಬ ಸಂಸ್ಥೆ ಮರೆತುಹೋದ ಫ್ರೆಂಚ್ ಹಾಡುನಾಟಕಗಳನ್ನು ಸಂಪಾದಿಸಿ, ಆಡಿಸಿ, ಧ್ವನಿಮುದ್ರಿಸಿ ಕೊಡುತ್ತಿದೆ.

ಇಲ್ಲಿ ನನ್ನ ತಕ್ಕಡಿ ಸ್ವಲ್ಪ ವಾಲುತ್ತದೆ. ಉಳಿಸುವವರ ಕಡೆಗಲ್ಲ, ಕಟ್ಟುವವರ ಕಡೆಗೂ ಅಲ್ಲ, ಬರೆದಿಡುವವರ ಕಡೆಗೆ. ಪೆಲಿ ಬೇಕಾದ ಹಾಗೆ ಆಟ ಆಡಬಲ್ಲ, ಯಾಕೆಂದರೆ ಅವನ ಮೇಜಿನ ಮೇಲೆ ಕೆಕ್ ಶೋಧಿಸಿದ ಪ್ರತಿ ಇದೆ. ಏನು ಬಿಡುತ್ತಿದ್ದೇನೆ ಎಂಬುದು ಅವನಿಗೆ ಗೊತ್ತು. ಹೊಸದುರ್ಗದಲ್ಲಿ ನಾಲ್ಕು ಹಾಡು ಬಿಟ್ಟಾಗ ಏನು ಬಿಟ್ಟೆವು ಎಂಬುದು ಯಾರಿಗೂ ಗೊತ್ತಿಲ್ಲ. ಎಚ್.ಕೆ. ರಂಗನಾಥರು 1960ರಲ್ಲಿ ಕರ್ನಾಟಕ ರಂಗಭೂಮಿಯ ಚರಿತ್ರೆ ಬ‌ರೆದರು. ವೀರಣ್ಣನವರ ಆತ್ಮಕತೆ 'ಕಲೆಯೇ ಕಾಯಕ' ಇದೆ. ನಾಟಕಗಳ ಪಠ್ಯ, ವಿಮರ್ಶೆ, ಜೀವನಚರಿತ್ರೆ ಕಪಾಟು ತುಂಬ ಇವೆ. ಮಟ್ಟುಗಳು ಮಾತ್ರ ಮೇಷ್ಟ್ರುಗಳ ರೂಲುಪುಸ್ತಕದಲ್ಲಿ, ಎಣ್ಣೆ ಜಿಡ್ಡಿನ ಹಾಳೆಗಳಲ್ಲಿ, ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ, ಹೆಚ್ಚಾಗಿ ಬೆರಳುಗಳಲ್ಲಿ ಇವೆ. ಒಬ್ಬ ಮೇಷ್ಟ್ರು ಹೋದರೆ ಅವರ ಕರ್ಣನೂ ಹೋಗುತ್ತಾನೆ.

ಇದಕ್ಕೂ ಎದುರುವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬರೆದಿಟ್ಟದ್ದು ಒಮ್ಮೆ ಅಚ್ಚಾದರೆ ಅದೇ ಸರಿ, ಉಳಿದದ್ದು ತಪ್ಪು ಎಂದಾಗುತ್ತದೆ. ಹತ್ತು ಮೇಷ್ಟ್ರುಗಳ ಹತ್ತು ಕರ್ಣರಲ್ಲಿ ಒಬ್ಬನಿಗೆ ಮಾನ್ಯತೆ ಸಿಕ್ಕು ಒಂಬತ್ತು ಮಂದಿ ಪಾಠಾಂತರದ ಅಡಿಟಿಪ್ಪಣಿಗೆ ಬೀಳುತ್ತಾರೆ. ಯುರೋಪಿನಲ್ಲಿ ಶೋಧಿತ ಆವೃತ್ತಿಯ ಸಂಗೀತ ಪ್ರತಿಗಳನ್ನು ಪ್ರಕಾಶಕರಿಂದ ಬಾಡಿಗೆಗೆ ತರಬೇಕು. ಸಣ್ಣ ಊರಿನ ಹವ್ಯಾಸಿ ತಂಡಕ್ಕೆ ಹಳೆಯ ಅರೆಬರೆ ಪ್ರತಿಯೇ ಗತಿ. ಹಳ್ಳಿಯ ನಾಟಕ ಬದುಕಿರುವುದು ಯಾರ ಅಪ್ಪಣೆಯೂ ಬೇಡ ಎಂಬ ಸಲೀಸಿನಿಂದ. ಅದಕ್ಕೆ ಪಂಡಿತರ ಕಾವಲು ಹಾಕಿದರೆ ಆ ಸಲೀಸು ಹೋದೀತು ಎಂಬ ಭಯ ಸುಳ್ಳಲ್ಲ. ಇದಕ್ಕೆ ನನಗೆ ಕಾಣುವ ದಾರಿ, ಒಂದು ಪಾಠ ಆರಿಸದೆ ಹತ್ತನ್ನೂ ಹಾಡಿಸಿ ಹಿಡಿದಿಡುವುದು. ಈಗ ಮೊಬೈಲಿನಲ್ಲೂ ಅದು ಸಾಧ್ಯ. ಕಷ್ಟ ಇರುವುದು ಯಂತ್ರದಲ್ಲಲ್ಲ. ಯಾವ ಮಟ್ಟು ಯಾವ ಅಂಕದ್ದು, ಯಾರಿಂದ ಕಲಿತದ್ದು, ಯಾವ ಶ್ರುತಿಗೆ ಎಂದು ಕೂತು ಕೇಳಿ ಬರೆದುಕೊಳ್ಳುವ ತಾಳ್ಮೆಯಲ್ಲಿ.

ಆ ಕೆಲಸಕ್ಕೆ ಜಿಲ್ಲೆಯಲ್ಲಿ ಸಾಣೇಹಳ್ಳಿಗಿಂತ ಅನುಕೂಲದ ಜಾಗ ನನಗೆ ಕಾಣದು. ಕಲಿಯಲು ಬಂದ ಹುಡುಗರಿದ್ದಾರೆ, ಸುತ್ತ ಹತ್ತಾರು ಹಳ್ಳಿಗಳಲ್ಲಿ ಪೆಟ್ಟಿಗೆ ಇಟ್ಟುಕೊಂಡ ಮೇಷ್ಟ್ರುಗಳಿದ್ದಾರೆ. ವಚನದ ರಂಗಭೂಮಿಗೆ ಕೌರವ ಪಾಂಡವರ ಸಹವಾಸ ಯಾಕೆ ಎಂದು ಯಾರಾದರೂ ಕೇಳಬಹುದು. ಸಿದ್ಧಾಂತದ ದೃಷ್ಟಿಯಿಂದ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಇಡೀ ರಾತ್ರಿಯನ್ನು ಊರಿನ ಕಲಾವಿದರಿಗೆ ಬಿಟ್ಟುಕೊಟ್ಟು, ಹಾಡು ಒಂದನ್ನೂ ಕತ್ತರಿಸದೆ ಆಡಿಸಿ, ರೆಪರ್ಟರಿಯವರು ಪೆಟ್ಟಿಗೆಯ ಪಕ್ಕ ಕೂತು ನೋಡಿದರೆ ಇಬ್ಬರಿಗೂ ನಷ್ಟವಿಲ್ಲ. ನೋಟಿನ ಹಾರ ಆ ಒಂದು ರಾತ್ರಿ ಬೇಡ ಎಂದು ಮೊದಲೇ ಮಾತಾಡಿಕೊಳ್ಳಬಹುದು. ಊರಿನ ಹೆಣ್ಣುಮಗಳೊಬ್ಬಳು ದ್ರೌಪದಿಯಾಗಬೇಕು ಎಂದು ಸಾಣೇಹಳ್ಳಿಯವರು ಷರತ್ತು ಹಾಕಲೂಬಹುದು. ಹಾಕಿದರೆ ನಾನು ಅವರ ಪರ. ಅಡಚಣೆ ಬರುವುದು ಬೇರೆ ಕಡೆಯಿಂದ. ಸಾಣೇಹಳ್ಳಿಯ ನಾಟಕೋತ್ಸವ ನಡೆಯುವುದು ನವೆಂಬರ್ ಮೊದಲ ವಾರ. ಆಗ ಈ ಕಡೆ ರಾಗಿ ತೆನೆ ಬಲಿಯುತ್ತಿರುತ್ತದೆ, ಕೊಯ್ಲಿಗೆ ಆಳು ಹುಡುಕುವ ಸಮಯ. ಸಂಕ್ರಾಂತಿ ಆಗದೆ ಅಭಿಮನ್ಯುವಿಗೆ ಬಿಡುವಿಲ್ಲ, ಯುಗಾದಿ ದಾಟಿದರೆ ಮೇಷ್ಟ್ರು ಸಿಗುವುದಿಲ್ಲ. ಫೆಬ್ರವರಿಯಲ್ಲಿ ರೆಪರ್ಟರಿ ತಿರುಗಾಟದಲ್ಲಿದ್ದರೆ ಅವರ ಒಂದು ವಾರವನ್ನು ಹೇಗಾದರೂ ಬಿಡಿಸಿಕೊಳ್ಳಬೇಕು.